ಖಾಲಿ ಬಿಡಬಾರದ ಕುಣಿ

ಯಾರಾದರೂ ತಮಗಾದ ವಿಚಿತ್ರ ಅನುಭವವನ್ನು ಹೇಳತೊಡಗಿದರೆ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ, ಆಗ ನಿಮ್ಮ ಜೊತೆ ಇನ್ಯಾರಿದ್ದರು ಎಂಬುದು. ಯಾರೂ ಇರಲಿಲ್ಲ ಎಂದರೆ ನನ್ನ ಆಸಕ್ತಿ ಅಲ್ಲಿಗೆ ಮುಗಿಯುತ್ತಿತ್ತು. ಇದ್ದರು ಎಂದರೆ, ಅವರನ್ನು ಬೇರೆ ಕೂರಿಸಿ ಕೇಳಿ ನೋಡಿ, ಕಥೆ ಎರಡಾಗುತ್ತದೆ ಎಂದು ನಗುತ್ತಿದ್ದೆ. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ, ಜಮಖಂಡಿಯ ಕಾಲೇಜೊಂದರಲ್ಲಿ ಅದನ್ನೇ ಕಲಿಸುತ್ತ ಬಂದವನು ನಾನು. ಗಲಗಲಿ ಕಡೆಯ ಸಹೋದ್ಯೋಗಿಯೊಬ್ಬರು ಒಮ್ಮೆ, ಹೊಳೆಯ ಆಚೆ ದಂಡೆಯಲ್ಲಿ ದೀಪವೊಂದು ನೀರಿನ ಮೇಲೆ ನಡೆದುಕೊಂಡು ಹೋದದ್ದನ್ನು ಕಂಡೆ ಎಂದರು. ಮೀನು ಹಿಡಿಯುವವರ ಬ್ಯಾಟರಿ ಇರಬೇಕು, ಮೇಲೆ ಮಂಜು ಬೇರೆ, ನೀವೂ ಉಪವಾಸ ಇದ್ದಿರೇನೋ ಎಂದೆ. ಅವರು ವಾದ ಮಾಡಲಿಲ್ಲ. ಆಮೇಲೆ ನನ್ನೆದುರು ಅಂಥ ಮಾತನ್ನು ತೆಗೆಯಲೂ ಇಲ್ಲ.

ಈಗ ನಾನೇ ಹೇಳಲು ಕುಳಿತಿದ್ದೇನೆ. ನನ್ನ ಪ್ರಶ್ನೆಯನ್ನು ನೀವು ನನಗೇ ಕೇಳಬಹುದು. ಹೌದು, ಜೊತೆಯಲ್ಲಿ ಇಬ್ಬರಿದ್ದರು. ನಾನು ಹೇಳುವಂಥದ್ದು ಏನೂ ನಡೆಯಲೇ ಇಲ್ಲ ಎಂದು ಇಬ್ಬರೂ ಹೇಳುತ್ತಾರೆ.

ಇದು ನಡೆದದ್ದು, ಅಥವಾ ನಡೆಯದೆ ಇದ್ದದ್ದು, ರಬಕವಿಯ ನಮ್ಮ ಅಕ್ಕನ ಮನೆಯಲ್ಲಿ. ಗಂಡ ತೀರಿಕೊಂಡ ಮೇಲೆ ಅಕ್ಕ ತವರಿಗೆ ಬಂದು, ಅಪ್ಪ ಇರುವವರೆಗೆ ಅವರನ್ನು ನೋಡಿಕೊಂಡು, ಮುಂದಿನ ಪಡಸಾಲೆಯಲ್ಲಿ ಎರಡು ಪವರ್‌ಲೂಮ್ ಹಾಕಿಕೊಂಡು ಸೀರೆ ನೇಯುತ್ತಾಳೆ. ಮಗ್ಗ ಇರುವ ಮನೆಯಲ್ಲಿ ಬೆಕ್ಕು ಇರಲೇಬೇಕು. ಹಾಸಿನ, ಅಂದರೆ ಉದ್ದಕ್ಕೆ ಎಳೆದ, ನೂಲಿಗೆ ಗಂಜಿ ಹಚ್ಚಿರುತ್ತಾರೆ, ಅದರ ವಾಸನೆಗೆ ಇಲಿ ಬರುತ್ತವೆ. ಒಂದು ಇಲಿ ಒಂದು ರಾತ್ರಿ ಹಲ್ಲು ಹಾಕಿದರೆ ಸಾಕು, ಎಳೆ ಎಳೆ ಹುಡುಕಿ ಗಂಟು ಹಾಕುವುದರಲ್ಲಿ ನೇಯುವವರ ಎರಡು ದಿನ ಹೋಗುತ್ತದೆ. ಅಕ್ಕನ ಮನೆಯಲ್ಲಿ ಆ ಕೆಲಸಕ್ಕೆ ಇದ್ದವಳು ಗುಂಡವ್ವ. ಬೂದು ಬಣ್ಣ, ಮೈಮೇಲೆ ಕಪ್ಪು ಪಟ್ಟಿ. ಮರಿಯಿದ್ದಾಗ ಚೆಂಡಿನಂತೆ ಉರುಳುತ್ತಿದ್ದಳೆಂದು ಆ ಹೆಸರು. ಒಮ್ಮೆ ಮಗ್ಗದ ಲಾಳಿ ಸಿಡಿದು ಎಡಗಿವಿಯ ತುದಿಯನ್ನು ಕತ್ತರಿಸಿಕೊಂಡು ಹೋಗಿತ್ತು. ಆದರೂ ಆಕೆ ಮಲಗುತ್ತಿದ್ದದ್ದು ಓಡುವ ಮಗ್ಗದ ಕೆಳಗೇ. ಆ ಸದ್ದಿನಲ್ಲಿ ನಾವು ಒಬ್ಬರ ಮಾತು ಒಬ್ಬರು ಕೇಳಲಾರೆವು. ಗುಂಡವ್ವ ನಿದ್ದೆ ಹೋಗುತ್ತಿದ್ದಳು. ಕರೆಂಟು ಹೋಗಿ ಮಗ್ಗ ನಿಂತರೆ ಮಾತ್ರ ಗಾಬರಿಯಾಗಿ ಎದ್ದು ಹೊರಗೆ ಬರುತ್ತಿದ್ದಳು.

ಅಪ್ಪ ಹೋದ ಮೇಲೆ ಅಕ್ಕ ದಿನವಿಡೀ ಮಾತಾಡುತ್ತಿದ್ದದ್ದು ಆ ಬೆಕ್ಕಿನ ಸಂಗಡವೇ. ನಾನು ಫೋನು ಮಾಡಿದರೂ ಅರ್ಧ ಮಾತು ಗುಂಡವ್ವನಿಗೆ, ಅರ್ಧ ನನಗೆ.

ಒಂದು ವರ್ಷ ಬೇಸಿಗೆಯಲ್ಲಿ ಗುಂಡವ್ವ ಊಟ ಬಿಟ್ಟಳು. ಬೆನ್ನಿನ ಎಲುಬು ಕೈಗೆ ಸಿಗತೊಡಗಿದವು. ಅಕ್ಕ ಬುಟ್ಟಿಯಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಜಮಖಂಡಿಗೆ ಬಂದಳು, ನಾನು ದನದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಮೂತ್ರಪಿಂಡ ಕೆಲಸ ಮಾಡುತ್ತಿಲ್ಲ, ವಯಸ್ಸಾಗಿದೆ, ಇನ್ನು ಹೆಚ್ಚು ದಿನ ಇಲ್ಲ ಎಂದರು. ನೋವಾಗದಂತೆ ಒಂದು ಇಂಜೆಕ್ಷನ್ ಕೊಡಬಹುದು ಎಂದೂ ಹೇಳಿದರು. ನನಗೆ ಅದು ಸರಿ ಕಂಡಿತು. ಅಕ್ಕ ಬುಟ್ಟಿ ಎತ್ತಿಕೊಂಡು ಎದ್ದಳು. "ನಮ್ಮ ಮನ್ಯಾಗ ಹಂಗ ಯಾರನ್ನೂ ಕಳಸಿಲ್ಲರಿ ಸಾಹೇಬ್ರ" ಎಂದಳು. ಬಸ್‌ಸ್ಟ್ಯಾಂಡಿನವರೆಗೆ ಬುಟ್ಟಿಯನ್ನು ನಾನೇ ಹಿಡಿದುಕೊಂಡಿದ್ದೆ. ಅದರಲ್ಲಿ ಬೆಕ್ಕು ಇದೆಯೋ ಇಲ್ಲವೋ ಎಂದು ಎರಡು ಸಲ ಅರಿವೆ ಸರಿಸಿ ನೋಡಿದೆ, ಅಷ್ಟು ಹಗುರ. ಈ ಮಾತನ್ನು ಬೇಕೆಂದೇ ಬರೆಯುತ್ತಿದ್ದೇನೆ.

ಮರುವಾರ ಅಕ್ಕನ ಫೋನು ಬಂತು. ನಾನು ಹೋದಾಗ ಮಗ್ಗಗಳು ನಿಂತಿದ್ದವು. ಕರೆಂಟು ಇತ್ತು, ಅಕ್ಕನೇ ನಿಲ್ಲಿಸಿದ್ದಳು. ಸುತ್ತಲಿನ ಮನೆಗಳಿಂದ ಖಟಖಟ ಸದ್ದು ಬರುತ್ತಿತ್ತು, ಈ ಮನೆ ಮಾತ್ರ ಮೂಕವಾಗಿತ್ತು. ಗೋಡೆಯ ಬದಿಗೆ ಮಡಿಚಿದ ಕೌದಿಯ ಮೇಲೆ ಗುಂಡವ್ವ ಕಾಲು ಚಾಚಿ ಮಲಗಿದ್ದಳು. ಉಸಿರು ಇತ್ತು ಎನ್ನಲು ಪಕ್ಕೆಯನ್ನು ದಿಟ್ಟಿಸಿ ನೋಡಬೇಕಿತ್ತು.

ಮರುದಿನ ಬೆಳಿಗ್ಗೆ ನನಗೆ ಪರೀಕ್ಷೆಯ ಕೆಲಸವಿತ್ತು, ಹೊರಡಲೇಬೇಕು. ಬೆಕ್ಕು ಸಂಜೆ ದಾಟುವುದಿಲ್ಲ ಎಂಬುದು ಖಚಿತವಾಗಿತ್ತು. ಹಿತ್ತಲಿನದು ಕಪ್ಪು ಎರಿ ಮಣ್ಣು, ಬೇಸಿಗೆಯಲ್ಲಿ ಕಲ್ಲಿನಂತಾಗಿರುತ್ತದೆ. ನೀರು ಹಾಕಿ ನೆನೆಸಿ ಅಗೆಯಬೇಕು. ಜೀವ ಹೋದ ಮೇಲೆ ಅಕ್ಕ ಅಳುತ್ತ ಕುಳಿತಿರುವಾಗ ಇದನ್ನೆಲ್ಲ ಮಾಡುವುದಕ್ಕಿಂತ ಮೊದಲೇ ಮಾಡಿಟ್ಟರೆ ಒಳ್ಳೆಯದು ಎಂದು ನನ್ನ ಬುದ್ಧಿ ಹೇಳಿತು. ಮಧ್ಯಾಹ್ನದ ಬಿಸಿಲಿನಲ್ಲಿ ಗುದ್ದಲಿ, ಸಲಿಕೆ ಹಿಡಿದು ಬೇವಿನ ಗಿಡದ ಆಚೆ ಕುಣಿ ತೋಡಿದೆ.

ನಡುವಿನ ಮೋಟು ಗೋಡೆಯ ಆಚೆಯಿಂದ ಪಕ್ಕದ ಮನೆಯ ಸಂಗವ್ವ ನೋಡುತ್ತಿದ್ದಳು. ನಮ್ಮ ಅವ್ವನಿಗಿಂತ ದೊಡ್ಡವಳು, ನಾನು ಚಿಕ್ಕವನಿದ್ದಾಗ ಎತ್ತಿ ಆಡಿಸಿದವಳು. ನನಗೆ ನೌಕರಿ ಬಂದ ದಿನದಿಂದ ಬಹುವಚನ ಹಚ್ಚಿ ಚೇಷ್ಟೆ ಮಾಡುತ್ತಾಳೆ.

"ಏನ್ ಮಾಸ್ತರ, ಮಾವಿನ ಗಿಡಾ ಹಚ್ಚಾಕತ್ತೀರೇನು?"

"ಇಲ್ಲ ಆಯಿ, ಗುಂಡವ್ವಗ."

"ಹೋತೇನು?"

"ಇನ್ನೂ ಇಲ್ಲ. ಸಂಜೀತನಾ ಉಳ್ಯೂದಿಲ್ಲ."

ಆಕೆ ಗೋಡೆಯ ಮೇಲಿಟ್ಟಿದ್ದ ಕೈ ಹಿಂದೆ ತೆಗೆದುಕೊಂಡಳು. "ಜೀವ ಹೋಗೂ ಮೊದಲ ಕುಣಿ ತಗದೀರಿ? ಯಾರ ಹೇಳಿದ್ರು ನಿಮಗ? ತಗದ ಕುಣಿ ಖಾಲಿ ಬಿಡಬಾರದಪಾ. ತುಂಬ್ಕೊಳ್ಳಾಕ ತಾನ ಹುಡಿಕ್ಯಾಡತೈತಿ."

"ಕಾಲೇಜಿನ್ಯಾಗ ಇದನ್ನ ಕಲ್ಸಂಗಿಲ್ಲ ಆಯಿ."

"ಅದಕ್ಕ ನಿಮಗ ಹೆಣ್ಣ ಕೊಡಾಕ ಮಂದಿ ಅಷ್ಟ ತಡಾ ಮಾಡಿದ್ರು."

ನಾವಿಬ್ಬರೂ ನಕ್ಕೆವು. ಆದರೆ ಆಕೆ ಅಲ್ಲಿಂದ ಹೋಗಲಿಲ್ಲ. ನಮ್ಮ ಕಡೆ ಆ ಪದ್ಧತಿ ಇರುವುದು ನನಗೂ ಗೊತ್ತಿತ್ತು. ಮಣ್ಣಿಗೆ, ಅಂದರೆ ಹೆಣ ಹೂಳುವುದಕ್ಕೆ, ಯಾರಾದರೂ ಊರಿಂದ ಬರುವುದು ತಡವಾಗಿ, ತೆಗೆದ ಕುಣಿ ಕಾಯಬೇಕಾಗಿ ಬಂದರೆ, ಒಬ್ಬರಾದರೂ ಅದರ ದಂಡೆಗೆ ಕುಳಿತಿರುತ್ತಾರೆ. ಏಳಲೇಬೇಕಾದರೆ ಒಳಗೆ ಒಂದು ತೆಂಗಿನಕಾಯಿಯನ್ನೋ ಕಲ್ಲನ್ನೋ ಇಟ್ಟು ಏಳುತ್ತಾರೆ. ಕುಣಿ ಬರಿದಾಗಿರಬಾರದು, ಅಷ್ಟೆ. ಸಂಗವ್ವ ತನ್ನ ಮನೆಯ ಗುಂಡುಕಲ್ಲು ಕೊಡುತ್ತೇನೆ ಎಂದಳು. ನಾನು ಬೇಡವೆಂದೆ. ಆಗ ಅಕ್ಕ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು, ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಕುಣಿಯನ್ನು ನೋಡಿ ಒಳಗೆ ಹೋದಳು.

ಇಲ್ಲಿಯವರೆಗೆ ನಮ್ಮ ಮೂವರ ನೆನಪೂ ಒಂದೇ ಇದೆ. ಇಲ್ಲಿಂದ ಮುಂದಿನದು ನನ್ನೊಬ್ಬನದು.

ಹೊತ್ತು ಇಳಿದಿತ್ತು. ನಾನು ಕೈಕಾಲು ತೊಳೆದು ಬಂದು ಗುಂಡವ್ವನ ಹತ್ತಿರ ಕುಳಿತೆ. ಅಕ್ಕ ಬೆರಳಿನಿಂದ ಅದರ ಬಾಯಿಗೆ ನೀರು ಹನಿಸುತ್ತಿದ್ದಳು, ನೀರು ಹೊರಗೇ ಹರಿಯುತ್ತಿತ್ತು. ಆಮೇಲೆ ದೇವರ ಜಗುಲಿಯಿಂದ ವಿಭೂತಿ ತಂದು ಹಣೆಗೆ ಹಚ್ಚಿದಳು. ಬಾಗಿ, ಆ ಹರಿದ ಕಿವಿಯ ಹತ್ತಿರ ಬಾಯಿ ಇಟ್ಟು ಹೇಳಿದಳು: "ನಿನ್ನ ಕೆಲಸ ಆತು ನನ್ನವ್ವಾ. ಇನ್ನ ಇಲಿ ನಾ ನೋಡ್ಕೋತೇನಿ. ನೀ ಆರಾಮ ಹೋಗು." ಗುಂಡವ್ವ ಒಂದು ಉದ್ದ ಉಸಿರು ತೆಗೆದಳು. ಮತ್ತೊಂದು ಬರುತ್ತದೆ ಎಂದು ನಾವು ಕಾದೆವು. ಬರಲಿಲ್ಲ. ನಾನು ಪಕ್ಕೆಗೆ ಬೆರಳಿಟ್ಟು ನೋಡಿದೆ. ಕಣ್ಣಿನ ಅಂಚನ್ನು ಮುಟ್ಟಿದೆ, ರೆಪ್ಪೆ ಅಲುಗಲಿಲ್ಲ. ಅಕ್ಕ ಅಳಲಿಲ್ಲ. ಎದ್ದು ಹೋಗಿ, ನೇಯ್ಗೆಯಲ್ಲಿ ಉಳಿದ ಕೆಂಪು ಅಂಚಿನ ಒಂದು ತುಂಡು ಅರಿವೆ ತಂದು ನನ್ನ ಕೈಗೆ ಕೊಟ್ಟಳು.

ಅದರಲ್ಲಿ ಸುತ್ತಿ ಎತ್ತಿಕೊಂಡೆ. ಎತ್ತಿಕೊಂಡಾಗ ನನಗೆ ಆದ ಮೊದಲ ಭಾವನೆ ದುಃಖವಲ್ಲ, ಅಚ್ಚರಿ. ತುಂಬ ಭಾರವಿತ್ತು. ಸತ್ತ ಮೈ ಭಾರ ಅನ್ನಿಸುತ್ತದೆ ಎಂದು ಜನ ಹೇಳುವುದನ್ನು ಕೇಳಿದ್ದೆ, ಅದು ಎತ್ತುವವರ ಮನಸ್ಸಿನ ಭಾರ ಎಂದು ತಿಳಿದಿದ್ದೆ. ಆದರೆ ಇದು ಬೇರೆ. ಹಿಂದಿನ ವಾರ ಬುಟ್ಟಿಯಲ್ಲಿ ಹೊತ್ತ ಬೆಕ್ಕಿನ ಭಾರ ನನ್ನ ತೋಳಿಗೆ ನೆನಪಿತ್ತು. ಹಿತ್ತಲು ದಾಟುವಷ್ಟರಲ್ಲಿ ಒಮ್ಮೆ ಹಿಡಿತ ಬದಲಿಸಬೇಕಾಯಿತು.

ಕುಣಿಯ ತಳಕ್ಕೆ ಮಲಗಿಸಿದೆ. ನಾನು ಕೈ ಬಿಡಿಸಿಕೊಳ್ಳುವಾಗ ಅರಿವೆಯ ಒಳಗಿನದು ಸ್ವಲ್ಪ ಸರಿಯಿತು. ನಿದ್ದೆಯಲ್ಲಿ ಮಗ್ಗುಲು ಬದಲಿಸಿದವರು ಹೊಂದಿಸಿಕೊಂಡು ಮಲಗುತ್ತಾರಲ್ಲ, ಹಾಗೆ. ಸಡಿಲಾದ ಮೈ, ಇಳಿಜಾರು ಮಣ್ಣು, ಸರಿಯುವುದು ಸಹಜ ಎಂದು ಆಗಲೇ ಅಂದುಕೊಂಡದ್ದೂ ನೆನಪಿದೆ. ಅರಿವೆ ಬಿಚ್ಚಿ ನೋಡಲಿಲ್ಲ. ಒಂದು ಮುಷ್ಟಿ ಉಪ್ಪು ಹಾಕಿದೆ, ಮಣ್ಣು ಎಳೆದೆ, ಸಲಿಕೆಯ ಬೆನ್ನಿನಿಂದ ಬಡಿದು ಸಮ ಮಾಡಿದೆ. ಗೋಡೆಯ ಆಚೆ ಸಂಗವ್ವ ಇರಲಿಲ್ಲ. ಒಳಗೆ ಬಂದಾಗ ಅಕ್ಕ ಒಲೆಯ ಕಡೆ ಮುಖ ಮಾಡಿ ಕುಳಿತಿದ್ದಳು, ತಿರುಗಿ ನೋಡಲಿಲ್ಲ. ನಾನು ಉಣ್ಣದೆ ಪಡಸಾಲೆಯ ಮಂಚದ ಮೇಲೆ ಬಿದ್ದುಕೊಂಡೆ.

ಬೆಳಿಗ್ಗೆ ಎಚ್ಚರವಾದದ್ದು ಮಗ್ಗದ ಸದ್ದಿಗೆ. ಬೆಳಕು ಚೆನ್ನಾಗಿ ಬಿದ್ದಿತ್ತು. ಗೋಡೆಯ ಬದಿಗೆ ಅದೇ ಕೌದಿಯ ಮೇಲೆ ಗುಂಡವ್ವ ಕುಳಿತು ತಟ್ಟೆಯಲ್ಲಿನ ಹಾಲು ನೆಕ್ಕುತ್ತಿದ್ದಳು.

ನಾನು ಎಷ್ಟು ಹೊತ್ತು ನೋಡುತ್ತಿದ್ದೆನೋ. ಅಕ್ಕ ಮಗ್ಗ ನಿಲ್ಲಿಸಿ ಬಂದಳು. ಮುಖ ತೊಳೆದ ಹಾಗೆ ಇತ್ತು. "ನೋಡೋ ತಮ್ಮಾ, ಎದ್ದು ಕುಂತಾಳ. ಡಾಕ್ಟರಗ ಫೋನ್ ಹಚ್ಚಿ ಹೇಳು, ನಿಮ್ಮ ಸೂಜಿ ನೀವ ಇಟ್ಕೋರಿ ಅಂತ."

"ಅಕ್ಕಾ, ನಿನ್ನಿ ಸಂಜೀಕ ನಾ ಹುಗದ್ನಲ್ಲ."

"ಏನ್ ಹುಗದಿ?"

"ಗುಂಡವ್ವನ."

"ನಿನಗ ಬಿಸಲು ಬಡದೈತಿ" ಎಂದಳು ಅಕ್ಕ. ನಗುತ್ತಲೇ ಅಂದಳು. ಆಮೇಲೆ ನನ್ನ ಮುಖ ನೋಡಿ ನಗುವುದನ್ನು ನಿಲ್ಲಿಸಿದಳು.

ಆಕೆ ಹೇಳುವುದು ಹೀಗೆ. ನಾನು ಹಿತ್ತಲಿನಿಂದ ಬಂದವನು ತಲೆ ನೋಯುತ್ತಿದೆ ಎಂದು ಮಂಚಕ್ಕೆ ಒರಗಿದೆ. ಹೊತ್ತು ಮುಳುಗುವ ಮೊದಲೇ ನಿದ್ದೆ ಹೋದೆ. ಮೈ ಬಿಸಿಯಿತ್ತು, ಆಕೆ ಹಣೆಗೆ ಹಸಿ ಅರಿವೆ ಹಾಕಿದಳು. ನಾನು ನಿದ್ದೆಯಲ್ಲಿ ಏನೇನೋ ಮಾತಾಡುತ್ತಿದ್ದೆ. ಸಂಗವ್ವ ಬಂದು ಬೆಕ್ಕಿನ ಹತ್ತಿರ ಆಕೆಯ ಜೊತೆ ಕುಳಿತಳು. ದೀಪ ಹಚ್ಚುವ ಹೊತ್ತಿಗೆ ಗುಂಡವ್ವ ತಲೆ ಎತ್ತಿದಳು. ವಿಭೂತಿ ಹಚ್ಚಿದ್ದು ನಿಜ, ಕಿವಿಯಲ್ಲಿ ಹೇಳಿದ್ದೂ ನಿಜ, ಆದರೆ ಆಗ ನೀನು ಮಲಗಿದ್ದಿ ಎನ್ನುತ್ತಾಳೆ. ಅರಿವೆ ತಾನು ಕೊಟ್ಟಿಲ್ಲ. ನಾನು ಆ ಕೆಂಪು ಅಂಚಿನ ತುಂಡನ್ನು ಹುಡುಕಿದೆ, ಸಿಗಲಿಲ್ಲ. ಆದರೆ ನೇಯುವವರ ಮನೆಯಲ್ಲಿ ಒಂದು ತುಂಡು ಅರಿವೆ ಇಲ್ಲದಿರುವುದು ಯಾವುದಕ್ಕೂ ಸಾಕ್ಷಿಯಲ್ಲ.

ಹಿತ್ತಲಿಗೆ ಓಡಿದೆ. ಕುಣಿ ಮುಚ್ಚಿತ್ತು. ಸಲಿಕೆಯ ಬೆನ್ನಿನಿಂದ ಬಡಿದ ಗುರುತು ಮಣ್ಣಿನ ಮೇಲೆ ಕಾಣುತ್ತಿತ್ತು.

ಯಾರು ಮುಚ್ಚಿದರು ಎಂದು ಕೇಳಿದೆ. ನೀನೇ ಮುಚ್ಚಿ ಬಂದು ಮಲಗಿದಿ ಎಂದುಕೊಂಡಿದ್ದೆ ಎಂದಳು ಅಕ್ಕ. ಸಂಗವ್ವನೂ ಹಾಗೇ ಅಂದಳು, ನನ್ನ ಮಾತಿಗೆ ಅಂಜಿ ಮುಚ್ಚಿದಿರಿ ಅನ್ಕೊಂಡು ಖುಷಿಯಾಗಿದ್ದೆ ಎಂದು ಸೇರಿಸಿದಳು. ಒಳಗೆ ಕಾಯಿ ಏನಾದರೂ ಇಟ್ಟಿರಾ ಎಂದು ಇಬ್ಬರನ್ನೂ ಕೇಳಿದೆ. ಇಲ್ಲವೆಂದರು.

ನೀವು ಈಗ ಏನು ಹೇಳುತ್ತೀರಿ ಎಂಬುದು ನನಗೆ ಗೊತ್ತು, ಯಾಕೆಂದರೆ ನಾನೂ ಅದನ್ನೇ ಹೇಳುತ್ತಿದ್ದೆ. ಎರಿ ಮಣ್ಣು, ಬಿರುಬಿಸಿಲು, ಖಾಲಿ ಹೊಟ್ಟೆ. ಬಿಸಿಲಿನ ಝಳ ತಲೆಗೇರಿದವನು ಕುಣಿಯನ್ನು ತಾನೇ ಮುಚ್ಚಿ, ಜ್ವರದಲ್ಲಿ ಮಲಗಿ, ಅರ್ಧ ಕೇಳಿಸಿದ ಅಕ್ಕನ ಮಾತಿಗೆ ಉಳಿದದ್ದನ್ನು ಕನಸಿನಲ್ಲಿ ಜೋಡಿಸಿದ್ದಾನೆ. ಉಗುರಿನಲ್ಲಿ ಮಣ್ಣಿತ್ತು, ಅದು ಅಗೆದಾಗಿನ ಮಣ್ಣೂ ಆಗಬಹುದು. ಮುಚ್ಚಿದ ಜಾಗ ನೆಲಕ್ಕಿಂತ ಉಬ್ಬಿತ್ತು, ಅಗೆದ ಮಣ್ಣು ಯಾವಾಗಲೂ ತನ್ನ ಕುಣಿಗಿಂತ ಹೆಚ್ಚಾಗುತ್ತದೆ. ಬೇರೆ ಬೆಕ್ಕು ಇರಬಹುದೇ ಎಂದೂ ಯೋಚಿಸಿದೆ. ಹಾಲು ನೆಕ್ಕುತ್ತಿದ್ದ ಬೆಕ್ಕಿನ ಎಡಗಿವಿಯ ತುದಿ ಹರಿದಿತ್ತು. ಪ್ರತಿಯೊಂದಕ್ಕೂ ನನ್ನ ಹತ್ತಿರ ಉತ್ತರವಿತ್ತು. ತೋಳಿಗೆ ಅಂಟಿಕೊಂಡಿದ್ದ ಆ ಭಾರಕ್ಕೆ ಮಾತ್ರ ಇರಲಿಲ್ಲ.

ಅಗೆದು ನೋಡಿದರೆ ಮುಗಿಯಿತು. ಸಲಿಕೆ ತೆಗೆದುಕೊಂಡೆ. ಅಕ್ಕ ಬಂದು ಅದರ ಹಿಡಿಕೆ ಹಿಡಿದುಕೊಂಡಳು.

"ಒಳಗೇನೂ ಇರಲಿಲ್ಲಂದ್ರ ಏನ್ಮಾಡ್ತಿ?" ಎಂದು ಕೇಳಿದಳು.

ಆ ಪ್ರಶ್ನೆಯ ಅರ್ಥ ನನಗೆ ತಕ್ಷಣ ಆಯಿತು. ನಮ್ಮ ಅಪ್ಪನ ವಿಷಯ ಇಲ್ಲಿ ಹೇಳಬೇಕು. ಕೊನೆಯ ವರ್ಷಗಳಲ್ಲಿ ಅವರಿಗೆ ಮರೆವು ಬಂದಿತ್ತು. ಮರೆವು ಎಂದರೆ ಮರೆಯುವುದಷ್ಟೇ ಎಂದು ನಾವು ತಿಳಿದಿದ್ದೆವು. ಅಪ್ಪ ಮರೆಯುತ್ತಿದ್ದದ್ದಕ್ಕಿಂತ ಹೆಚ್ಚಾಗಿ, ಆಗದೆ ಇದ್ದದ್ದನ್ನು ನೆನಪಿಟ್ಟುಕೊಳ್ಳುತ್ತಿದ್ದರು. ಒಂದು ದಿನ ಮುಧೋಳದ ಸಂತೆಗೆ ಹೋಗಿ ಎಮ್ಮೆ ಕೊಂಡು ತಂದೆ ಎಂದರು. ಅವರು ಮನೆ ಬಿಟ್ಟು ಹೊರಗೆ ಹೋಗಿಯೇ ಇರಲಿಲ್ಲ. ಆದರೆ ಎಮ್ಮೆಯ ಕೋಡು ಯಾವ ಕಡೆ ತಿರುಗಿತ್ತು, ಮಾರಿದವನು ಹೇಗೆ ಕೆಮ್ಮುತ್ತಿದ್ದ, ದಾರಿಯಲ್ಲಿ ಹಗ್ಗ ಹೇಗೆ ಅಂಗೈಯನ್ನು ಕೊರೆಯಿತು, ಎಲ್ಲ ಹೇಳಿದರು. ಅಂಗೈಯನ್ನು ತೋರಿಸಿದರು ಕೂಡ. ನಾನು ರಜೆಗೆ ಬಂದವನು, ಇಲ್ಲ ಅಪ್ಪ, ನೀವು ಹೋಗಿಲ್ಲ ಎಂದು ತಿಳಿಹೇಳಲು ಹೋದೆ. ಅವರು ನಡುಗತೊಡಗಿದರು. ಸಂತೆಗೆ ಹೋಗಿಲ್ಲ ಎಂಬುದಕ್ಕಲ್ಲ, ತಮ್ಮ ಕೈ ತಮಗೆ ಸುಳ್ಳು ಹೇಳುತ್ತಿದೆ ಎಂಬುದಕ್ಕೆ. ಅಕ್ಕ ನನ್ನನ್ನು ಹೊರಗೆ ಕಳಿಸಿ ಅವರ ಹತ್ತಿರ ಕುಳಿತಳು.

ಹಾಗಾಗಿ ಕುಣಿಯ ತಳದಲ್ಲಿ ಎರಡೇ ಉತ್ತರಗಳಿದ್ದವು. ಖಾಲಿಯಿದ್ದರೆ ನಾನು ಅಪ್ಪನ ದಾರಿ ಹಿಡಿದಿದ್ದೇನೆ, ಅದೂ ಅವರಿಗಿಂತ ಎಷ್ಟೋ ಮೊದಲು. ಖಾಲಿಯಿರದಿದ್ದರೆ ನನ್ನ ತಲೆ ಸರಿಯಿದೆ. ಆದರೆ ಆಗ, ಪಡಸಾಲೆಯಲ್ಲಿ ಮುಂಗಾಲು ನೆಕ್ಕಿಕೊಳ್ಳುತ್ತ ಕುಳಿತದ್ದು ಏನು? ನಾನು ಸಲಿಕೆ ಬಿಟ್ಟೆ. ಅಗೆದು ನೋಡಿ ಎಂದು ಮಂದಿಗೆ ಹೇಳುತ್ತ ಬಂದವನು ಅಂದು ಬಸ್ಸು ಹತ್ತಿ ಜಮಖಂಡಿಗೆ ಹೋದೆ.

ಗುಂಡವ್ವ ಆ ಮಳೆಗಾಲ ದಾಟಿದಳು. ಮೈ ತುಂಬಿಕೊಂಡಳು. ಡಾಕ್ಟರು ಕೇಳಿ, ಕೆಲವು ಸಲ ಹಾಗಾಗುತ್ತದೆ ಎಂದರು. ಅಕ್ಕನಿಗೆ ಬೇರೇನೂ ಬೇಕಿರಲಿಲ್ಲ. ನಾನು ಹೋದಾಗಲೆಲ್ಲ ಬೆಕ್ಕು ಮಗ್ಗದ ಕೆಳಗಿನಿಂದ ಬಂದು ನನ್ನ ಕೈಗಳನ್ನು ಮೂಸುತ್ತಿತ್ತು. ಮೊದಲು ಒಂದು, ಆಮೇಲೆ ಇನ್ನೊಂದು, ಬೆರಳು ಬೆರಳು ಬಿಡದೆ. ಆಮೇಲೆ ಹಿಂದೆ ಹಿಂದೆ ಸರಿದು ಕುಳಿತು ನೋಡುತ್ತಿತ್ತು. ಮೊದಲು ನನ್ನ ತೊಡೆಯ ಮೇಲೆ ಮಲಗುತ್ತಿದ್ದದ್ದು ಮತ್ತೆ ಒಮ್ಮೆಯೂ ಮಲಗಲಿಲ್ಲ. ಇಲಿ ಹಿಡಿಯುವುದನ್ನು ಪೂರ್ತಿ ಬಿಟ್ಟಿತ್ತು. ಆದರೆ ಆ ಮನೆಗೆ ಇಲಿಯೇ ಬರುತ್ತಿರಲಿಲ್ಲ. ಅಕ್ಕ ಇದನ್ನು ಸಂತೋಷದಿಂದ ಹೇಳಿದಳು. ಸಂಗವ್ವ ಗೋಡೆಯ ಆಚೆಯಿಂದ, "ಹೌದು, ನಮ್ಮನಿಗೂ ಬರವಲ್ಲವು" ಎಂದು, ಬೇರೆ ಮಾತು ತೆಗೆದಳು.

ನನ್ನ ದಿನಗಳು ಕೆಟ್ಟವು. ಕೆಲಸದ ಮೇಲೆ ಮುಧೋಳಕ್ಕೆ ಹೋಗುವಾಗ ಬಸ್ಸಿನಲ್ಲಿ ಕುಳಿತು ಹಳೆಯ ವಿದ್ಯಾರ್ಥಿಗಳ ಹೆಸರು ಹೇಳಿಕೊಳ್ಳುತ್ತಿದ್ದೆ. ಒಂದು ಹೆಸರು ನಾಲಿಗೆಯ ತುದಿಗೆ ಬಂದು ನಿಂತರೆ ಬೆವರುತ್ತಿದ್ದೆ. ಗಾಡಿಯ ಕೀಲಿ ಎಲ್ಲಿಟ್ಟೆ ಎಂದು ಹುಡುಕುವಾಗ ಹೆಂಡತಿ ನೋಡುತ್ತಿದ್ದಾಳೆಯೇ ಎಂದು ಮೊದಲು ನೋಡುತ್ತಿದ್ದೆ. ತಲೆಯ ಸ್ಕ್ಯಾನ್ ಮಾಡಿಸಿದೆ, ಏನೂ ಇಲ್ಲ ಎಂದರು. ಅಪ್ಪನಿಗೂ ಮೊದಲು ಹಾಗೇ ಅಂದಿದ್ದರು. ಅಕ್ಕನನ್ನೂ ಸಂಗವ್ವನನ್ನೂ ಬೇರೆ ಬೇರೆ ಕೂರಿಸಿ ಕೇಳಿದೆ. ಕಥೆ ಎರಡಾಗಲಿಲ್ಲ. ಶಬ್ದಕ್ಕೆ ಶಬ್ದ ಒಂದೇ ಇತ್ತು. ನಿಜ ಒಂದೇ ಇರುವುದರಿಂದ ಹಾಗೋ, ಇಬ್ಬರೂ ಮೊದಲೇ ಕೂಡಿ ಮಾತಾಡಿಕೊಂಡಿದ್ದರಿಂದ ಹಾಗೋ, ತಿಳಿಯಲಿಲ್ಲ.

ಚಳಿಗಾಲದಲ್ಲಿ ಗುಂಡವ್ವ ಮತ್ತೆ ಊಟ ಬಿಟ್ಟಳು. ಈ ಸಲ ಯಾರೂ ಡಾಕ್ಟರರ ಹೆಸರು ಎತ್ತಲಿಲ್ಲ. ಆಕೆಯ ಜೀವ ಹೋದ ದಿನ ನಾನು ಬೀಳಗಿಯಲ್ಲಿ ಪರೀಕ್ಷೆಯ ಕೆಲಸದಲ್ಲಿದ್ದೆ, ಫೋನು ಬಂದ್ ಮಾಡಿಟ್ಟಿದ್ದೆ. ಹೊರಗೆ ಬಂದು ನೋಡಿದರೆ ಅಕ್ಕನ ಕರೆಗಳಿದ್ದವು. ನಾನು ತಿರುಗಿ ಹಚ್ಚಿದೆ. ಅಕ್ಕ, "ಮಣ್ಣು ಆತು. ನೀ ಗಡಿಬಿಡಿ ಮಾಡಬ್ಯಾಡ" ಎಂದಳು.

ನಾನು ರಬಕವಿ ಮುಟ್ಟಿದಾಗ ಇನ್ನೂ ಬೆಳಕಿತ್ತು. ಹಿತ್ತಲಿಗೆ ಹೋದೆ. ಬೇವಿನ ಗಿಡದ ಆಚೆ ಹೊಸ ಮಣ್ಣು ಕಾಣಿಸಿತು. ಅದು ಬೇರೆ ಜಾಗವಾಗಿರಲಿ ಎಂದುಕೊಂಡು ಹತ್ತಿರ ಹೋದೆ. ಅದೇ ಜಾಗ. ಅಕ್ಕ ಅದನ್ನೇ ತೆಗೆದಿದ್ದಳು.

ಗೋಡೆಯ ಆಚೆ ಸಂಗವ್ವ ಇದ್ದಳು. ಅಂದು ಆಕೆ ನನ್ನನ್ನು ಮಾಸ್ತರ ಎನ್ನಲಿಲ್ಲ.

"ಇಲ್ಲೇ ಯಾಕ ತಗದ್ಲು ಆಯಿ?"

"ಬ್ಯಾರೆ ಕಡೆ ನೆಲಾ ಕಲ್ಲಾಗೇತಿ, ಒಬ್ಬಾಕಿನ ಕಡೀಲೆ ಆಗಂಗಿಲ್ಲ, ಇಲ್ಲೆ ಮೆತ್ತಗೈತಿ ಅಂದ್ಲು. ನಾ ಬ್ಯಾಡ ಅಂದೆ. ಕೇಳಲಿಲ್ಲ."

"ನೀ ನೋಡಿದೇನು, ಒಳಗ?"

"ನಾ ಇತ್ಲಾಗ ನಿಂತಿದ್ದೆ. ಗ್ವಾಡಿ ಅಡ್ಡ ಇತ್ತು." ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನಿಮ್ಮಕ್ಕ ಸಲಿಕಿ ಹಾಕ್ಕೋಂತ ಹಾಕ್ಕೋಂತ ನಿಂತ್ಲು. ಬಗ್ಗಿ ನೋಡಿದ್ಲು. ಭಾಳೊತ್ತು ಹಂಗ ನಿಂತಿದ್ಲಪಾ. ಏನವ್ವಾ ಅಂದೆ. ಏನಿಲ್ಲ ಆಯಿ ಅಂದ್ಲು. ಬೆಕ್ಕ ಇಟ್ಟು ಮುಚ್ಚಿದ್ಲು."

ನಾನು ಒಳಗೆ ಬಂದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಆಕೆಯ ಮೊಣಕೈವರೆಗೆ ಮಣ್ಣಿನ ಗೀರುಗಳು ಇನ್ನೂ ಹೋಗಿರಲಿಲ್ಲ. ನಾನು ಹತ್ತಿರ ಕುಳಿತೆ. ಕೇಳಬೇಕಾದದ್ದನ್ನು ಇಡೀ ದಾರಿ ಹೊಂದಿಸಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಇಷ್ಟೆ: "ಅಕ್ಕಾ, ಇತ್ತೇನು?"

ಅಕ್ಕ ಹಂಚಿನ ಮೇಲಿನ ರೊಟ್ಟಿ ಹೊರಳಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇತ್ತಪಾ. ನೀ ಹೇಳಿದಂಗನ ಇತ್ತು. ನೀ ಖರೇನ ಹೇಳಿದ್ದಿ. ಈಗ ಉಣ್ಣು."

ನನ್ನ ಅಕ್ಕ ನನ್ನೊಂದಿಗೆ ಹಾಗೆ ಮಾತಾಡುವವಳಲ್ಲ. ಹುಟ್ಟಿದಾಗಿನಿಂದ ನನಗೆ ಬೈದೇ ಮಾತಾಡಿದವಳು, ಪ್ರೀತಿ ಬಂದರೆ ಇನ್ನೂ ಹೆಚ್ಚು ಬೈಯುವವಳು. ಅಂದು ಆಕೆಯ ದನಿ ಮೆಲ್ಲಗಿತ್ತು, ಅವಸರವಿರಲಿಲ್ಲ, ಒಂದೊಂದು ಮಾತನ್ನೂ ಕೈಯಲ್ಲಿ ಇಟ್ಟ ಹಾಗೆ ಹೇಳಿದಳು. ಆ ದನಿಯನ್ನು ನಾನು ಆ ಮನೆಯಲ್ಲಿ ಮೊದಲು ಕೇಳಿದ್ದೆ. ಬಾಗಿಲ ಹೊರಗೆ ನಿಂತು ಕೇಳಿದ್ದೆ, ಹೌದಪ್ಪಾ, ನೀವು ಎಮ್ಮೆ ತಂದದ್ದು ಖರೆ ಎನ್ನುತ್ತಿದ್ದಳು. ಒಳಗೆ ಮಂಚದ ಮೇಲೆ ಅಪ್ಪ ನಡುಗುವುದನ್ನು ನಿಲ್ಲಿಸುತ್ತಿದ್ದರು.

ಏನಿತ್ತು ಎಂದು ನಾನು ಕೇಳಲಿಲ್ಲ. ಆಕೆ ತಟ್ಟೆ ಮುಂದಿಟ್ಟಳು, ನಾನು ಉಂಡೆ.

ಇದಾಗಿ ಕೆಲವು ವರ್ಷಗಳಾದವು. ಈಗಲೂ ಪಾಠ ಮಾಡುತ್ತೇನೆ, ಹೆಸರುಗಳು ನೆನಪಿಗೆ ಬರುತ್ತವೆ, ಕೆಲವು ತಡವಾಗಿ ಬರುತ್ತವೆ. ಅಕ್ಕ ಬೇರೆ ಬೆಕ್ಕು ತರಲಿಲ್ಲ. ಆಕೆ ಅಂದು ಹೇಳಿದ್ದು ಕುಣಿಯಲ್ಲಿ ಕಂಡದ್ದನ್ನೋ ನನ್ನ ಮುಖದಲ್ಲಿ ಕಂಡದ್ದಕ್ಕೆ ಮದ್ದನ್ನೋ, ನನಗೆ ತಿಳಿದಿಲ್ಲ. ಇನ್ನೊಮ್ಮೆ ಕೇಳಬಹುದು. ಕೇಳಿದರೆ ಆಕೆ ಮತ್ತೆ ಅದೇ ದನಿಯಲ್ಲಿ ಹೇಳಿಬಿಟ್ಟಾಳು ಎಂದು ಕೇಳಿಲ್ಲ.